ಸಹಾಯ ಬೇಕು: ಥೈರಾಯ್ಡ್ ಮಾತ್ರೆ ಜೊತೆ ಅಶ್ವಗಂಧ ತಗೋಬಹುದಾ?

ನಮಸ್ಕಾರ. ಕೆಎಎಸ್‌ಗೆ ಓದುತ್ತಿದ್ದೇನೆ. ರಾತ್ರಿ ಎರಡಾದರೂ ನಿದ್ದೆ ಹತ್ತುವುದಿಲ್ಲ, ಬೆಳಿಗ್ಗೆ ಒಂದೇ ಪ್ಯಾರಾ ನಾಲ್ಕು ಸಲ ಓದಿದರೂ ತಲೆಗೆ ಹೋಗಲ್ಲ. ಸಂಜೆ ಐದರ ಫಿಲ್ಟರ್ ಕಾಫಿ ಬಿಟ್ಟೆ (ಅದೇ ದೊಡ್ಡ ತ್ಯಾಗ!). ಮೆಲಟೋನಿನ್ 3 ಮಿಗ್ರಾಂ ಹತ್ತು ದಿನ ನುಂಗಿದೆ. ನಿದ್ದೆ ಬಂತು, ಆದರೆ ಮಧ್ಯಾಹ್ನದವರೆಗೂ ತಲೆ ಭಾರ. ನಿಲ್ಲಿಸಿದೆ.

ಈಗ ಅಕ್ಕ ಅಶ್ವಗಂಧ, ಮೆಗ್ನೀಸಿಯಂ ಎರಡೂ ತಂದುಕೊಟ್ಟಿದ್ದಾಳೆ. ನಾನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ 50 ಮೈಕ್ರೋಗ್ರಾಂ ತಗೊಳ್ಳುತ್ತೇನೆ. ಮೆಗ್ನೀಸಿಯಂಗೆ ನಾಲ್ಕು ಗಂಟೆ ಅಂತರ ಇರಲಿ ಅಂದರು ಮೆಡಿಕಲ್ ಶಾಪಿನವರು, ಅದು ಸರಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನೇ ಏರಿಸಬಹುದು ಅಂತಾರಲ್ವಾ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಡಬ್ಬಿಯ ಸೀಲ್ ಇನ್ನೂ ಒಡೆದಿಲ್ಲ. ಡಾಕ್ಟರ್ ಸಿಗುವುದು 12 ದಿನ ಬಿಟ್ಟು.

ಥೈರಾಕ್ಸಿನ್ ಜೊತೆ ಅಶ್ವಗಂಧ ತಗೊಂಡವರು ಯಾರಾದರೂ ಇದ್ದೀರಾ? ನಿಮ್ಮ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ನೋಡುವ ಹಾರ್ಮೋನ್) ಬದಲಾಯಿತಾ, ಡಾಕ್ಟರ್ ಏನಂದರು?