ಶಾಲೆಯವರೇ ವಿಚಾರಿಸಿ "ಏನೂ ಸಿಗಲಿಲ್ಲ" ಅಂದರೆ?

ಪ್ರಶ್ನೆ (ಶಿಕ್ಷಕಿ): ಮೇಡಂ, ಐದನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಸಿಬ್ಬಂದಿಯೊಬ್ಬರು ಅಸಭ್ಯವಾಗಿ ಮುಟ್ಟಿದ್ದನ್ನು ನನ್ನ ಹತ್ತಿರ ಹೇಳಿಕೊಂಡಳು. "ಮೊದಲು ಸಮಿತಿ ಮಾಡಿ ನಾವೇ ವಿಚಾರಿಸೋಣ, ನಿಜ ಆದರೆ ಪೊಲೀಸರಿಗೆ ಹೇಳೋಣ" ಅಂತಾರೆ ಎಚ್‌ಎಂ. ಹೀಗೆ ಮಾಡಬಹುದಾ?

ಉತ್ತರ (ವಕೀಲೆ): ಬೇಡವೇ ಬೇಡ. ಇವತ್ತೇ ಪೊಲೀಸರಿಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಬಂದ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ತಿಳಿಸಲೇಬೇಕು. ನಿಜವೋ ಸುಳ್ಳೋ ಪತ್ತೆ ಹಚ್ಚಿಕೊಂಡು ಬನ್ನಿ ಅಂತ ಕಾನೂನು ಕೇಳಿಲ್ಲ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರಿಗಾದರೆ 1 ವರ್ಷದವರೆಗೆ. ಇದನ್ನು ಎಚ್‌ಎಂಗೆ ಸೆಕ್ಷನ್ 21 ತೋರಿಸಿಯೇ ಹೇಳಿ.

ಇನ್ನೊಂದು ಮಾತು. ಸಮಿತಿಯ ಐದು ಜನ ಸುತ್ತ ಕೂತು ಕೇಳಿದರೆ ಮಗು ಹೆದರಿ "ಏನೂ ಆಗಿಲ್ಲ" ಅಂದುಬಿಡಬಹುದು. ಅದನ್ನೇ ಬರೆಸಿ ಸಹಿ ಹಾಕಿಸಿಕೊಂಡಿರುತ್ತಾರೆ. ನಾನು ಆರೋಪಿ ಪರ ವಕೀಲೆಯಾಗಿದ್ದರೆ ಕೋರ್ಟಿನಲ್ಲಿ ಮೊದಲು ಹುಡುಕುವುದು ಆ ಹಾಳೆಯನ್ನೇ! ನೀವು ಮಾಡಬೇಕಾದ್ದು ಇಷ್ಟೇ: ಹುಡುಗಿ ಹೇಳಿದ್ದನ್ನು ಅವಳದೇ ಮಾತಲ್ಲಿ, ತಾರೀಖು ಸಮಯ ಹಾಕಿ ಬರೆದಿಡಿ. ಮತ್ತೆ ಮತ್ತೆ ಕೇಳಬೇಡಿ.

ಪ್ರಶ್ನೆ (ಒಬ್ಬ ತಂದೆ): ನೋಡಿದವರು ಯಾರೂ ಇಲ್ಲದಾಗ ತನಿಖೆಯಲ್ಲಿ ನಿಜ ಹೇಗೆ ಗೊತ್ತಾಗುತ್ತೆ?

ಉತ್ತರ: ಮುಖ್ಯವಾಗಿ ಮಗುವಿನ ಹೇಳಿಕೆಯಿಂದ. ಅದನ್ನು ಮನೆಯಲ್ಲೋ ಮಗುವಿಗೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು. ಆದಷ್ಟೂ ಎಸ್‌ಐ ದರ್ಜೆಯ ಮಹಿಳಾ ಅಧಿಕಾರಿಯೇ ಬರಬೇಕು, ಯೂನಿಫಾರ್ಮ್ ಇಲ್ಲದೆ. ಅಪ್ಪ ಅಮ್ಮ ಅಥವಾ ಮಗು ನಂಬುವವರು ಜೊತೆಗಿರಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆಯೂ ಹೇಳಿಕೆ ದಾಖಲಾಗುತ್ತದೆ.

ಕೇಳುವ ರೀತಿ ತುಂಬಾ ಮುಖ್ಯ. "ಸರ್ ನಿನ್ನ ಮುಟ್ಟಿದರಾ?" ಅಂದರೆ ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗೆ. "ಅವತ್ತು ಏನಾಯ್ತು ಹೇಳಮ್ಮ", "ಆಮೇಲೆ?" ಅಂತ ಬಿಟ್ಟು ಕೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಶುರುವಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಲೈಂಗಿಕ ದೌರ್ಜನ್ಯ ಕೇಸಿನಲ್ಲಿ ಮಕ್ಕಳಿಗೆ ಉತ್ತರ ಸೂಚಿಸುವಂಥ ಪ್ರಶ್ನೆಗಳನ್ನೇ ಕೇಳಿದ್ದರು. 1990ರಲ್ಲಿ ಅದು ಮುಗಿದಾಗ ಒಬ್ಬರಿಗೂ ಶಿಕ್ಷೆ ಆಗಲಿಲ್ಲ. ಆ ಮಕ್ಕಳಿಗೆ ನಿಜಕ್ಕೂ ಏನಾಗಿತ್ತು ಅಂತ ಬಿಡಿಸಿ ನೋಡುವುದಕ್ಕೂ ದಾರಿ ಉಳಿಯಲಿಲ್ಲ.

ಇನ್ನು ಸುತ್ತಲಿನ ವಿವರ. "ಕಂಪ್ಯೂಟರ್ ರೂಮಿನಲ್ಲಿ, ಪಿಟಿ ಪೀರಿಯಡ್ ಹೊತ್ತಿಗೆ" ಅಂತ ಮಗು ಹೇಳಿದೆ ಅಂದುಕೊಳ್ಳಿ. ಆಗ ವೇಳಾಪಟ್ಟಿ, ಹಾಜರಾತಿ ಪುಸ್ತಕ, ಆ ರೂಮಿನ ಬೀಗದ ಕೈ ಯಾರ ಹತ್ತಿರ ಇತ್ತು ಅನ್ನುವುದೆಲ್ಲ ಸಾಕ್ಷ್ಯ. ಸ್ಥಳ ಮಹಜರು ಆಗುತ್ತದೆ. ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ, ಅದಕ್ಕೇ ತಡ ಮಾಡಬಾರದು ಅನ್ನೋದು.

ಪ್ರಶ್ನೆ (ಅದೇ ತಂದೆ): ಡಾಕ್ಟರ್ ರಿಪೋರ್ಟಿನಲ್ಲಿ ಗಾಯ ಇಲ್ಲ ಅಂತ ಬಂದರೆ ಕೇಸ್ ಬಿದ್ದುಹೋಯ್ತಾ?

ಉತ್ತರ: ಇಲ್ಲ. ಮುಟ್ಟಿದ್ದಕ್ಕೆಲ್ಲ ಗಾಯ ಆಗುತ್ತದಾ? ಮಗುವಿನ ಮಾತು ನಂಬುವಂತಿದ್ದರೆ ಅದೊಂದರ ಮೇಲೇ ಶಿಕ್ಷೆ ಕೊಡಬಹುದು.

ಒಂದೇ ದೂರಿಗೆ ಎರಡು ಕಡೆ ಬೇರೆ ಬೇರೆ ಫಲಿತಾಂಶ ಬರಲೂಬಹುದು. ಕೆಲಸದ ಶಿಸ್ತಿಗಾಗಿ ಬೇರೆಯಾಗಿ ನಡೆಯುವ ಇಲಾಖಾ ವಿಚಾರಣೆಯಲ್ಲಿ "ನಡೆದಿರುವ ಸಂಭವವೇ ಜಾಸ್ತಿ" ಅನ್ನಿಸಿದರೆ ಸಾಕು, ಕೆಲಸ ಹೋಗಬಹುದು. ಕ್ರಿಮಿನಲ್ ಕೋರ್ಟಿಗೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು. ಪೋಕ್ಸೋದ 29ನೇ ಸೆಕ್ಷನ್ ಪ್ರಕಾರ, ಅಲ್ಲ ಅಂತ ಆರೋಪಿ ಸಾಬೀತು ಮಾಡುವವರೆಗೆ ಅವರೇ ಅಪರಾಧ ಮಾಡಿದ್ದಾರೆ ಅಂತ ಕೋರ್ಟು ಭಾವಿಸಬೇಕು ಅಂತಿದ್ದರೂ, ಮೂಲ ಸಂಗತಿಗಳನ್ನು ಸರ್ಕಾರದ ಕಡೆಯವರೇ ಮೊದಲು ತೋರಿಸಬೇಕು. ಹಾಗಾಗಿ ಖುಲಾಸೆ ಆದ ಮಾತ್ರಕ್ಕೆ ಮಗು ಸುಳ್ಳು ಹೇಳಿತು ಅಂತ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುವುದು ತಪ್ಪು.

ಪ್ರಶ್ನೆ (ಶಿಕ್ಷಕಿ): ಹುಡುಗಿಯ ಅಮ್ಮ "ಮರ್ಯಾದೆ ಹೋಗುತ್ತೆ, ದೂರು ಬೇಡ" ಅಂತ ಅಳ್ತಿದ್ದಾರೆ.

ಉತ್ತರ: ಅವರ ಭಯ ಸಹಜ. ಮಗುವಿನ ಹೆಸರು, ಫೋಟೊ, ಶಾಲೆಯ ಹೆಸರು ಯಾವುದನ್ನೂ ಮಾಧ್ಯಮದವರು ಹಾಕುವಂತಿಲ್ಲ ಅಂತ ತಿಳಿಸಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು, ಸಮಿತಿಯವರು ಮಗುವಿನ ಜೊತೆಗಿರಲು ಸಹಾಯಕ ವ್ಯಕ್ತಿಯನ್ನು ಕೊಡಬಹುದು. ಆದರೆ ಅಮ್ಮ ಬೇಡ ಅಂದರೂ ನಿಮ್ಮ ಹೊಣೆ ತಪ್ಪುವುದಿಲ್ಲ. ಠಾಣೆಗೆ ಹೋಗಲು ಹಿಂಜರಿಕೆ ಇದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಬರೆದು ಕೊಟ್ಟರೆ ಸ್ವೀಕೃತಿ ತಗೊಳ್ಳಿ.