ತುರ್ತು: ‘ಇನ್‌ಬೌಂಡ್ ಆಕ್ಸೆಸ್’ ಮಿತಿಗೊಳಿಸೋದಕ್ಕೆ ಏನಂತೀರಿ?

ಹುಬ್ಬಳ್ಳಿಯಿಂದ:
ನಮಸ್ಕಾರ. ಕ್ಲೌಡ್ ಡೇಟಾಬೇಸಿನ ಸೆಟ್ಟಿಂಗ್ಸ್ ಪುಟ ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆ ಆರಕ್ಕೆ ಕೊಡಬೇಕು. ‘ರಿಸ್ಟ್ರಿಕ್ಟ್ ಇನ್‌ಬೌಂಡ್ ಆಕ್ಸೆಸ್’ (ಹೊರಗಿಂದ ಡೇಟಾಬೇಸಿಗೆ ಯಾರ್ಯಾರು ಬರಬಹುದು ಅನ್ನೋದಕ್ಕೆ ಮಿತಿ ಹಾಕೋದು) ಅನ್ನೋ ಬಟನ್ನಿಗೆ ‘ಒಳಹರಿವು ನಿರ್ಬಂಧ’ ಅಂತ ಬರೆದಿದ್ದೆ. ಪಕ್ಕದ ಟೇಬಲ್ಲಿನವರು ಓದಿ, ‘ನವಿಲುತೀರ್ಥ ಡ್ಯಾಮಿಗೆ ನೀರು ನಿಂತಿತಾ? ನಳ ಬರುತ್ತೋ ಇಲ್ವೋ?’ ಅಂದರು. ಮೂರು ಪದಕ್ಕಿಂತ ಜಾಸ್ತಿ ಹಿಡಿಸಲ್ಲ. ಹಳೇ ಅನುವಾದದಲ್ಲಿ ಪೋರ್ಟಿಗೆ (ಕಂಪ್ಯೂಟರಿಗೆ ಸಂಪರ್ಕ ಬರೋ ನಂಬರು ಹಾಕಿದ ದಾರಿ) ‘ಬಂದರು’ ಅಂತಿದೆ, ‘ಬಂದರು 3306’ ಓದಿದಾಗೆಲ್ಲ ಕಾರವಾರ ನೆನಪಾಗುತ್ತೆ.

ಧಾರವಾಡದಿಂದ:
ಬಂದರು ಫಾರ್ಸಿ. ಪೋರ್ಟ್ ಅಂದರೆ ಬಾಗಿಲು. ಬಾಯ್ ಮತ್ತು ಇಲ್, ಮನೆಯ ಬಾಯಿ. ಆ ಬಾಯಿಗೆ ‘ಅಗುಳಿ ಹಾಕು’ ಅನ್ನಿ. ಅಚ್ಚಗನ್ನಡ. ಮುಗೀತು.

ಹಾವೇರಿಯಿಂದ:
ಮುಗೀಲಿಲ್ಲ. ಅಗುಳಿ ಅಂದರೆ ಸಂಸ್ಕೃತದ ಅರ್ಗಲದ ತದ್ಭವ. ಕಿಟೆಲ್ ಹೆಸರಿನ ಕಾಲೇಜಿರೋ ಊರಿನವರು ಒಮ್ಮೆ ಅವರ 1894ರ ಕನ್ನಡ ನಿಘಂಟು ತೆಗೆದು ನೋಡಬಾರದಾ?

ಧಾರವಾಡದಿಂದ:
ತದ್ಭವ ಆಯ್ತು ಅಂದಮೇಲೆ ಅದು ನಮ್ಮದೇ. ನಿಮಗೆ ‘ದರವಾಜಿ’ ನಡೆಯುತ್ತೆ, ಅಗುಳಿ ನಡೆಯಲ್ಲ.

ಗದಗಿನಿಂದ:
ಇಬ್ಬರೂ ಸ್ವಲ್ಪ ಸುಮ್ನಿರಿ ಸರ್. ನನಗೆ ದಿನಾ ಇದೇ ಕೆಲಸ. ಅಗುಳಿ ಹಾಕಿದರೆ ಮನೆಯವರೂ ಹೊರಗೇ ಉಳೀತಾರೆ, ಆ ಬಟನ್ ಹಾಗೆ ಮಾಡಲ್ಲ. ಡೇಟಾಬೇಸು ಮೈಎಸ್‌ಕ್ಯೂಎಲ್ ಆದರೆ ಸಾಮಾನ್ಯವಾಗಿ ಪೋರ್ಟ್ 3306, ಪೋಸ್ಟ್‌ಗ್ರೆಸ್ ಆದರೆ 5432, ಆ ಪೋರ್ಟಿಗೆ ಯಾವ ಯಾವ ಐಪಿ ವಿಳಾಸದಿಂದ (ನೆಟ್ಟಿನಲ್ಲಿ ಕಂಪ್ಯೂಟರಿನ ನಂಬರು) ಬಂದವರನ್ನು ಬಿಡಬೇಕು ಅಂತ ಬರೆದಿಡುತ್ತೀವಿ, ಉಳಿದವರು ಹೊರಗೆ. ನಾನಿದ್ದ ಒಂದು ಆಫೀಸಿನಲ್ಲಿ ಯಾರೋ ‘ಸದ್ಯಕ್ಕಿರಲಿ’ ಅಂತ 0.0.0.0/0 ಹಾಕಿ ಮನೆಗೆ ಹೋಗಿದ್ದರು, ಅಂದರೆ ಜಗತ್ತಿಗೆಲ್ಲ ಬಾಗಿಲು ತೆಗೆದಂಗೆ. ಬೆಳಿಗ್ಗೆ ಲಾಗ್ (ಯಾರು ಬರೋಕೆ ನೋಡಿದರು ಅನ್ನೋ ದಾಖಲೆ) ತೆರೆದರೆ ಪುಟಗಟ್ಟಲೆ ತಪ್ಪು ಪಾಸ್‌ವರ್ಡು, ‘ರೂಟ್’, ‘ಅಡ್ಮಿನ್’, ಮತ್ತೆ ‘ರೂಟ್’. ಅದನ್ನು ಅಳಿಸಿ ಆಫೀಸಿನ ಒಂದೇ ವಿಳಾಸ ಬರೆದು ಮುಂದೆ /32, ಅಂದರೆ ಅದೊಂದೇ ವಿಳಾಸ, ಅಂತ ಹಾಕಿದ ಮೇಲೆ ನಿಂತಿತು. ಅದಕ್ಕೇ ‘ನಿರ್ಬಂಧ’, ‘ನಿಷೇಧ’ ಬೇಡ, ಓದಿದವರು ಎಲ್ಲ ಬಂದಾಯ್ತು ಅಂದುಕೊಳ್ಳುತ್ತಾರೆ. ‘ಒಳಬರುವ ಸಂಪರ್ಕ ಮಿತಿಗೊಳಿಸಿ’ ಅನ್ನಿ. ಪೋರ್ಟ್ ಪೋರ್ಟ್ ಆಗೇ ಇರಲಿ.

ಧಾರವಾಡದಿಂದ:
ಸಂಪರ್ಕ, ಮಿತಿ, ಎರಡೂ ಸಂಸ್ಕೃತ. ಪೋರ್ಟ್ ಇಂಗ್ಲಿಷು. ಇದರಲ್ಲಿ ಕನ್ನಡ ಎಲ್ಲಿದೆ?

ಹಾವೇರಿಯಿಂದ:
‘ಒಳಬರುವ’ದಲ್ಲಿದೆ. ‘ಗೊಳಿಸಿ’ಯಲ್ಲೂ ಇದೆ.

ಹುಬ್ಬಳ್ಳಿಯಿಂದ:
ಗದಗಿನವರ ಪದವನ್ನೇ ಹಾಕಿ ಕಳಿಸಿದೆ, ಥ್ಯಾಂಕ್ಸ್ ರೀ. ನಾಳೆ ‘ಫೈರ್‌ವಾಲ್’ ಬರುತ್ತೆ. ‘ಬೆಂಕಿಗೋಡೆ’ ಅನ್ನೋರು ದಯವಿಟ್ಟು ಈಗಲೇ ಜಗಳ ಮುಗಿಸಿಕೊಳ್ಳಿ.