ಪ್ಲಸ್, ಮೈನಸ್ ವೆಸಿಕಲ್ ಬೆರೆಸಿದೆ: ಇದು ಫ್ಯೂಷನ್ನಾ, ಬರೀ ಅಂಟಿಕೊಂಡಿರೋದಾ?

ಹೆಬ್ಬಾಳ_ಎಂಎಸ್ಸಿ:
ನಮಸ್ಕಾರ. ಹೆಬ್ಬಾಳದ ಹತ್ತಿರ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ವೆಸಿಕಲ್ ಅಂದರೆ ಲಿಪಿಡ್ (ಕೊಬ್ಬಿನಂಥ ಅಣು) ಪೊರೆಯ ಪುಟ್ಟ ಚೀಲ, ಒಳಗೆ ನೀರು. ಡಿಒಟ್ಯಾಪ್ ಎಂಬ ಲಿಪಿಡ್ ಇರುವ ಪ್ಲಸ್ ಚಾರ್ಜಿನ ವೆಸಿಕಲ್, ಡಿಒಪಿಜಿ ಎಂಬ ಲಿಪಿಡ್ ಇರುವ ಮೈನಸ್ ಚಾರ್ಜಿನ ವೆಸಿಕಲ್, ಎರಡೂ ಸುಮಾರು 100 ನ್ಯಾನೊಮೀಟರ್. ಸಮಸಮ ಬೆರೆಸಿದ ಕೂಡಲೇ ಟ್ಯೂಬ್ ಮಬ್ಬಾಗುತ್ತದೆ, ಆಮೇಲೆ ತಳದಲ್ಲಿ ಗಸಿ ಕೂರುತ್ತದೆ. ಫ್ರೆಟ್‌ನಲ್ಲಿ (ಹೊಳೆಯುವ ಎರಡು ಬಣ್ಣಗಳು ಪರಸ್ಪರ ಎಷ್ಟು ಹತ್ತಿರ ಇವೆ ಅಂತ ತೋರಿಸುವ ಪರೀಕ್ಷೆ) ಎನ್‌ಬಿಡಿ ಎಂಬ ಬಣ್ಣದ ಬೆಳಕು ಏರುತ್ತದೆ. ಫ್ಯೂಷನ್ (ಎರಡೂ ಕೂಡಿ ಒಂದಾಗೋದು) ಅಂತ ಬರೆಯಬಹುದಾ? ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ ಏರಿಕೆ ತುಂಬಾ ಕಮ್ಮಿ, ಅದೇಕೆ?

ಬಫರ್_ಭಟ್ರು:
ಪಿಬಿಎಸ್‌ನ ಉಪ್ಪು ಚಾರ್ಜನ್ನು ಮರೆಮಾಡುತ್ತದೆ. 1 ಮಿಲಿಮೋಲಾರ್ ಉಪ್ಪಿನಲ್ಲಿ ಚಾರ್ಜ್ ಸುಮಾರು 10 ನ್ಯಾನೊಮೀಟರ್ ದೂರದವರೆಗೆ ಗೊತ್ತಾಗುತ್ತದೆ. ಪಿಬಿಎಸ್‌ನಂತೆ ಸುಮಾರು 150 ಮಿಲಿಮೋಲಾರ್ ಇದ್ದರೆ 1 ನ್ಯಾನೊಮೀಟರ್ ಕೂಡ ಇಲ್ಲ.

ಮಲ್ಲೇಶ್ವರಂ_ಪದರ:
ದಯವಿಟ್ಟು ಇನ್ನೂ ಫ್ಯೂಷನ್ ಅಂತ ಬರೆಯಬೇಡಿ. ಫ್ರೆಟ್ ಹೇಳೋದು ಲಿಪಿಡ್ ಬೆರೆತಿದೆ ಅಂತ ಮಾತ್ರ. ಅಕ್ಕಪಕ್ಕದ ಎರಡು ಮನೆಯವರು ಕಾಂಪೌಂಡ್ ಒಡೆದು ಅಂಗಳ ಒಂದು ಮಾಡಿಕೊಂಡರೂ ಒಳಗಿನ ಗೋಡೆ ಹಾಗೇ ಇರಬಹುದು, ಅಲ್ವಾ? ಪೊರೆಯ ಎರಡು ಪದರಗಳಲ್ಲಿ ಹೊರಪದರ ಮಾತ್ರ ಕೂಡಿದರೆ ಅದು ಹೆಮಿಫ್ಯೂಷನ್, ಅಂದರೆ ಅರ್ಧ ಫ್ಯೂಷನ್. ಒಳಗಿನ ನೀರು ಬೆರೆತರೆ ಮಾತ್ರ ಪೂರ್ತಿ ಫ್ಯೂಷನ್.

ಮೂರನೇ ದಾರಿಯೂ ಇದೆ, ಅದನ್ನೇ ಜನ ಮರೆಯುತ್ತಾರೆ. ಎರಡೂ ಜೋರಾಗಿ ಅಂಟಿದಾಗ ತಾಗಿದ ಜಾಗ ಚಪ್ಪಟೆಯಾಗಿ ಹರಡುತ್ತದೆ, ಪೊರೆ ಬಿಗಿಯಾಗುತ್ತದೆ. ಲಿಪಿಡ್ ಪೊರೆ ಹಿಗ್ಗೋದು ನೂರಕ್ಕೆ ಕೆಲವೇ ಭಾಗ. ಅದು ದಾಟಿದರೆ ಹರಿದು ಒಳಗಿದ್ದದ್ದು ಸೋರಿಹೋಗುತ್ತದೆ. ದೊಡ್ಡ ವೆಸಿಕಲ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ನೋಡಿ. ಅಂಟೋದು, ಕೂಡೋದು, ಒಡೆಯೋದು, ಮೂರೂ ಕಾಣಬಹುದು. ನಿಜಕ್ಕೂ ನೋಡಬೇಕಾದ ದೃಶ್ಯ ಅದು!

ಗಸಿ ಬಗ್ಗೆ: ಸಮಸಮ ಬೆರೆಸಿದಾಗ ಒಟ್ಟು ಚಾರ್ಜ್ ಸೊನ್ನೆ ಹತ್ತಿರ ಬರುತ್ತದೆ. ಗುಂಪುಗಳನ್ನು ದೂರ ತಳ್ಳುವವರೇ ಇಲ್ಲ, ಬೆಳೆಯುತ್ತಾ ಹೋಗುತ್ತವೆ. ಒಂದು ಕಡೆಯದನ್ನು ಜಾಸ್ತಿ ಹಾಕಿ, ಝೀಟಾ (ಮೇಲ್ಮೈ ಚಾರ್ಜ್ ಎಷ್ಟಿದೆ ಅಂತ ತೋರಿಸುವ ಅಳತೆ) ಅಳೆಯಿರಿ. ಗುಂಪು ಚಿಕ್ಕದಾಗೇ ಉಳಿಯಬೇಕು.

ಹೆಬ್ಬಾಳ_ಎಂಎಸ್ಸಿ:
ತುಂಬಾ ಥ್ಯಾಂಕ್ಸ್ ಸರ್. ಒಳಗಿನ ನೀರು ಬೆರೆತದ್ದನ್ನು ನೋಡೋದು ಹೇಗೆ?

ಮಲ್ಲೇಶ್ವರಂ_ಪದರ:
ಪಿಜಿ (ನಿಮ್ಮ ಡಿಒಪಿಜಿ) ವೆಸಿಕಲ್ ಒಳಗೆ ಟರ್ಬಿಯಂ ಎಂಬ ಲೋಹದ ಅಯಾನು, ಇನ್ನೊಂದರ ಒಳಗೆ ಅದನ್ನು ಹಿಡಿದುಕೊಳ್ಳುವ ಡಿಪಿಎ ಅಣು. ಎರಡೂ ಸೇರಿದರೆ ಹೊಳೆಯುತ್ತವೆ. ಟರ್ಬಿಯಂ ಜೊತೆ ಸಿಟ್ರೇಟ್ ಇರಲಿ, ಇಲ್ಲದಿದ್ದರೆ ಪಿಜಿಗೇ ಅಂಟಿಕೊಳ್ಳುತ್ತದೆ. ಹೊರಗಿನ ಬಫರ್‌ಗೆ ಟರ್ಬಿಯಂ ಕಟ್ಟಿಹಾಕುವ ಇಡಿಟಿಎ ಹಾಕಿ, ಸೋರಿದ್ದು ಹೊಳೆಯೋಲ್ಲ. ಇನ್ನೊಂದು ಮಾತು: ಗಾಜಿನ ಸಾಮಾನು ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತೀರಾ? ಅದರ ಕ್ಯಾಲ್ಸಿಯಂ ಪಿಜಿಗೆ ಅಂಟಿ ಚಾರ್ಜ್ ತಗ್ಗಿಸುತ್ತದೆ. ಕೊನೆಗೆ ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಿಸಿ.